ಕುದುರೆಮುಖಕ್ಕೆ ಒಂದು ದಿನದ ಚಾರಣ: ಹಣ ಕಟ್ಟುವ ಮೊದಲು ನಿಮ್ಮ ಹೆಸರಿನ ಪರ್ಮಿಟ್ ಕೇಳಿ

ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು, ಶನಿವಾರ ಕುದುರೆಮುಖ ಶಿಖರ ಹತ್ತಿ ಇಳಿದು, ಭಾನುವಾರ ಬೆಳಗಾಗುವಷ್ಟರಲ್ಲಿ ಮನೆ ಸೇರಿಸುತ್ತೇವೆ ಎನ್ನುವ ಜಾಹೀರಾತುಗಳು ವಾರಾಂತ್ಯ ಹತ್ತಿರವಾದಂತೆ ಎಲ್ಲರ ಮೊಬೈಲಿಗೂ ಬರುತ್ತವೆ. ಅಂಥ ಒಂದು ತಂಡಕ್ಕೆ ಪೂರ್ತಿ ಹಣ ಕೊಟ್ಟು, ರಾತ್ರಿಯಿಡೀ ಪ್ರಯಾಣ ಮಾಡಿ, ಕಾಡಿನ ಬಾಗಿಲಿನಿಂದಲೇ ಹಿಂದಿರುಗಿದವರಲ್ಲಿ ನಾನು, ನನ್ನ ಅಕ್ಕ ಮತ್ತು ಕಾಲೇಜಿನಲ್ಲಿ ಓದುತ್ತಿರುವ ಅವಳ ಮಗಳು ಇದ್ದೆವು. ಬೇರೆಯವರಿಗೆ ಹೀಗಾಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಕುದುರೆಮುಖ ರಾಷ್ಟ್ರೀಯ ಉದ್ಯಾನ. ಸುಮಾರು 1,890 ಮೀಟರ್ ಎತ್ತರದ ಆ ಶಿಖರಕ್ಕೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಯಾರೂ ಕಾಲಿಡುವಂತಿಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಸಾವಿರಾರು ಜನ ಒಮ್ಮೆಲೇ ಸೇರಿ ಗೊಂದಲವಾದ ಮೇಲೆ ಸರ್ಕಾರ ಚಾರಣದ ನಿಯಮಗಳನ್ನು ಬಿಗಿ ಮಾಡಿತು. ಆನ್‌ಲೈನ್ ಬುಕಿಂಗ್ ಕಡ್ಡಾಯವಾಯಿತು, ಒಂದು ದಾರಿಗೆ ದಿನಕ್ಕೆ 300 ಜನರೆಂಬ ಮಿತಿ ಬಂತು. ವಾರಾಂತ್ಯದ ಟಿಕೆಟ್‌ಗಳು ಬೇಗ ಮುಗಿದುಹೋಗುತ್ತವೆ. ಟಿಕೆಟ್ ಸಿಗದಿದ್ದರೂ ‘ಪರ್ಮಿಟ್ ಸಹಿತ’ ಎಂದು ಸೀಟು ಮಾರುವವರು ಹುಟ್ಟಿಕೊಂಡಿರುವುದು ಈ ಕಾರಣಕ್ಕೇ.

ನಾವು ಪರ್ಮಿಟ್ ಕೇಳಿದ್ದೆವು. ಹೊರಡುವ ದಿನ ಸಂಜೆ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಚಿತ್ರ ಬಂತು, ‘ಎಲ್ಲರದ್ದೂ ಇದರಲ್ಲೇ ಸೇರಿದೆ’ ಎಂಬ ಸಾಲಿನೊಂದಿಗೆ. ಗೊರಗುಂಟೆಪಾಳ್ಯದಲ್ಲಿ ಟೆಂಪೋ ಟ್ರಾವೆಲರ್ ಹತ್ತಿ, ಹಾಸನ, ಬೇಲೂರು, ಮೂಡಿಗೆರೆ ದಾಟಿ, ಕೊಟ್ಟಿಗೆಹಾರದಿಂದ ಕಳಸದ ತಿರುವುಗಳಲ್ಲಿ ನಿದ್ದೆಯಿಲ್ಲದೆ ಕುಲುಕಾಡಿ, ಸಂಸೆ ಬಳಿ ಜೀಪಿಗೆ ಬೇರೆ ಹಣ ಕೊಟ್ಟು ಮುಳ್ಳೋಡಿ ಕಡೆಗೆ ಹೋದೆವು. ತಪಾಸಣೆಯ ಸಿಬ್ಬಂದಿ ನನ್ನ ಆಧಾರ್ ಕಾರ್ಡನ್ನೂ ಮೊಬೈಲಿನಲ್ಲಿದ್ದ ಆ ಚಿತ್ರವನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಆಮೇಲೆ ಚಿತ್ರವನ್ನು ಬೆರಳಿನಿಂದ ದೊಡ್ಡದು ಮಾಡಿ ನಮಗೇ ತೋರಿಸಿದರು. ದಿನಾಂಕದ ಅಂಕಿಗಳು ಉಳಿದ ಅಕ್ಷರಗಳಿಗಿಂತ ದಪ್ಪವಾಗಿದ್ದವು, ಅವುಗಳ ಹಿಂದಿನ ಬಿಳಿ ಬಣ್ಣವೂ ಬೇರೆಯಾಗಿತ್ತು. “ಇದು ಯಾರದೋ ಹಳೆಯ ಟಿಕೆಟ್ಟು ಮೇಡಂ, ಇವತ್ತಿನ ಪಟ್ಟಿಯಲ್ಲಿ ನಿಮ್ಮ ಯಾರ ಹೆಸರೂ ಇಲ್ಲ” ಎಂದರು. ಅವರ ಮಾತಿನಲ್ಲಿ ಗದರಿಕೆ ಇರಲಿಲ್ಲ. ಇಂಥವರು ಆಗಾಗ ಬರುತ್ತಾರೆ ಎಂಬುದು ಅವರ ಮುಖದಲ್ಲೇ ತಿಳಿಯುತ್ತಿತ್ತು.

ಮುಂದೆ ನಡೆದದ್ದು ಇದಕ್ಕಿಂತ ಕೆಟ್ಟದ್ದು. ತಂಡದ ಜೊತೆ ಬಂದಿದ್ದ ಹುಡುಗ ನಮ್ಮನ್ನು ಪಕ್ಕಕ್ಕೆ ಕರೆದು, ತೋಟದೊಳಗಿನಿಂದ ಇನ್ನೊಂದು ದಾರಿ ಇದೆ, ತಲಾ ಸ್ವಲ್ಪ ಹಣ ಕೊಟ್ಟರೆ ಸ್ಥಳೀಯರೊಬ್ಬರು ಕರೆದೊಯ್ಯುತ್ತಾರೆ ಎಂದ. ನಾವು ಒಪ್ಪಲಿಲ್ಲ. ಅನುಮತಿಯಿಲ್ಲದೆ ರಾಷ್ಟ್ರೀಯ ಉದ್ಯಾನದೊಳಗೆ ಹೋಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ, ಮತ್ತು ಸಿಕ್ಕಿಬಿದ್ದಾಗ ಹೆಸರು ಬರೆಸಿಕೊಳ್ಳುವವರು ನಾವು, ಆ ಹುಡುಗನನ್ನು ಕಳಿಸಿದವರಲ್ಲ. ಕಾನೂನನ್ನು ಬದಿಗಿಟ್ಟು ನೋಡಿದರೂ, ಮಂಜು ಕವಿದರೆ ಹತ್ತು ಹೆಜ್ಜೆ ಮುಂದಿನ ದಾರಿ ಕಾಣದ ಆ ಹುಲ್ಲುಗಾವಲುಗಳಲ್ಲಿ, ಮೊಬೈಲ್ ಸಿಗ್ನಲ್ ಇಲ್ಲದ ಕಡೆ, ಪಟ್ಟಿಯಲ್ಲಿ ಹೆಸರೇ ಇಲ್ಲದವರು ಕಾಲು ಮುರಿದುಕೊಂಡರೆ ಅವರನ್ನು ಹುಡುಕಬೇಕೆಂಬುದಾದರೂ ಯಾರಿಗೆ ಗೊತ್ತಾಗುತ್ತದೆ?

ಪರ್ಮಿಟ್ ಸರಿಯಿದ್ದಿದ್ದರೂ ಈ ‘ಒಂದು ದಿನ’ದ ಲೆಕ್ಕವೇ ಅಪಾಯಕಾರಿ ಎಂಬುದು ಈಗ ನನ್ನ ಅಭಿಪ್ರಾಯ. ಹೋಗಿ ಬರುವ ನಡಿಗೆಯೇ ಸುಮಾರು 20 ಕಿಲೋಮೀಟರ್, ಸಂಜೆಯೊಳಗೆ ಇಳಿಯಲೇಬೇಕು, ಉದ್ಯಾನದೊಳಗೆ ರಾತ್ರಿ ತಂಗುವಂತಿಲ್ಲ. ಮಳೆಗಾಲವಾದರೆ ಜಾರುವ ಕಲ್ಲು, ಕಾಲಿಗೆ ಹತ್ತುವ ಇಂಬಳ, ತುಂಬಿ ಹರಿಯುವ ತೊರೆಗಳು ಬೇರೆ. ಇಷ್ಟನ್ನೂ ನಿದ್ದೆಗೆಟ್ಟ ದೇಹದಿಂದ ಮಾಡಿಸಿ, ಅದೇ ರಾತ್ರಿ ಮತ್ತೆ ಬೆಂಗಳೂರಿಗೆ ಹೊರಡಿಸುತ್ತಾರೆ. ನಮ್ಮ ಗಾಡಿಗೆ ಇದ್ದದ್ದು ಒಬ್ಬರೇ ಚಾಲಕರು. ಹಿಂದಿನ ರಾತ್ರಿಯೂ ಅವರೇ ಓಡಿಸಿದ್ದರು. ಹಿಂದಿರುಗುವಾಗ ಬೇಲೂರಿನ ಬಳಿ ಅವರ ಕಣ್ಣು ಮುಚ್ಚುತ್ತಿರುವುದನ್ನು ಕಂಡು ಅಕ್ಕ ಗಾಡಿ ನಿಲ್ಲಿಸಿ, “ಅಣ್ಣ, ನೀವು ಮೊದಲು ಮಲಗಿ, ನಾವು ಕಾಯುತ್ತೇವೆ” ಎಂದಳು. ಆ ಚಾಲಕರ ಮೇಲೆ ನನಗೆ ಕೋಪವಿಲ್ಲ. ಎರಡನೆಯ ಚಾಲಕರ ಸಂಬಳ ಉಳಿಸಿದವರ ಮೇಲೆ ಇದೆ.

ಹೋಗಲೇಬೇಕೆಂದಿರುವವರು ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ತಾವೇ ಟಿಕೆಟ್ ಮಾಡಿಕೊಳ್ಳುವುದು ಒಳ್ಳೆಯದು. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯದಿಂದ ಚಾರಣವನ್ನು ನಿಲ್ಲಿಸುವುದುಂಟು, ಆದ್ದರಿಂದ ರಜೆ ಹಾಕುವ ಮೊದಲು ದಾರಿ ತೆರೆದಿದೆಯೇ ಎಂದು ನೋಡಿಕೊಳ್ಳಿ. ಟಿಕೆಟ್ ಕೈಯಲ್ಲಿದ್ದರೆ ಕಳಸ ಅಥವಾ ಸಂಸೆಯ ಹೋಂಸ್ಟೇಯಲ್ಲಿ ಹಿಂದಿನ ರಾತ್ರಿ ಉಳಿದು ಬೆಳಿಗ್ಗೆ ಹತ್ತಬಹುದು. ತಂಡದ ಜೊತೆಗೇ ಹೋಗುವುದಾದರೆ, ನಿಮ್ಮ ಗುರುತಿನ ಚೀಟಿಯಲ್ಲಿರುವ ಹೆಸರು ಮತ್ತು ಹೋಗುವ ದಿನಾಂಕ ಇರುವ ಮೂಲ ಪಿಡಿಎಫ್ ಕೈಗೆ ಬರುವವರೆಗೆ ಬಾಕಿ ಹಣ ಕೊಡಬೇಡಿ, ಸ್ಕ್ರೀನ್‌ಶಾಟ್ ಸಾಲದು. ಬರುವ ಗಾಡಿ ಹಳದಿ ಬೋರ್ಡಿನದೇ, ಚಾಲಕರು ಎಷ್ಟು ಜನ ಎಂಬುದನ್ನೂ ಬರಹದಲ್ಲಿ ಪಡೆದುಕೊಳ್ಳಿ.

ನಮ್ಮ ಹಣ ಇನ್ನೂ ಪೂರ್ತಿ ಬಂದಿಲ್ಲ. ‘ಅರಣ್ಯ ಇಲಾಖೆಯವರು ಕೊನೆಯ ಕ್ಷಣದಲ್ಲಿ ರದ್ದು ಮಾಡಿದರು’ ಎಂಬ ಸುಳ್ಳು ಉತ್ತರ ಬಂದ ಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆವು. ಆಮೇಲೆ ಅರ್ಧದಷ್ಟು ಮರಳಿತು, ಉಳಿದದ್ದಕ್ಕೆ ದೂರು ನಡೆಯುತ್ತಿದೆ. ತಿದ್ದಿದ ಟಿಕೆಟ್ ತೋರಿಸಿ ಆನ್‌ಲೈನ್‌ನಲ್ಲಿ ಹಣ ಪಡೆದಿದ್ದರೆ ಸೈಬರ್ ವಂಚನೆಯ 1930 ಸಂಖ್ಯೆಗೆ ತಡಮಾಡದೆ ಕರೆ ಮಾಡಿ, ಮತ್ತು ಆ ವಾಟ್ಸ್‌ಆ್ಯಪ್ ಗುಂಪಿನಿಂದ ನಿಮ್ಮನ್ನು ತೆಗೆದುಹಾಕುವ ಮೊದಲೇ ಅಲ್ಲಿನ ಸಂದೇಶಗಳನ್ನೂ ಹಣ ಕಳಿಸಿದ ರಸೀದಿಯನ್ನೂ ಉಳಿಸಿಟ್ಟುಕೊಳ್ಳಿ.