ಎನರ್ಜಿ ಡ್ರಿಂಕ್, ಬೊಂಡ (ಎಳನೀರು), ಓಆರ್‌ಎಸ್: ಯಾವಾಗ ಯಾವುದು?

ಬದಿಯಡ್ಕದಿಂದ ತಂಗಿಯ ಮಗ ಕೇಳಿದ್ದಾನೆ: "ಮಾವ, ಸಂಜೆ ಕಬಡ್ಡಿ, ರಾತ್ರಿ ಪರೀಕ್ಷೆಗೆ ಓದು. ಏನು ಕುಡಿಯಲಿ?"

ಎಚ್ಚರವಾಗಿರುವುದೇ ಮುಖ್ಯವಾದರೆ ಎನರ್ಜಿ ಡ್ರಿಂಕ್ ಕೆಲಸ ಮಾಡುತ್ತದೆ, ಸುಳ್ಳಲ್ಲ. ಮೆದುಳಿಗೆ ದಣಿವಿನ ಸುದ್ದಿ ಮುಟ್ಟಿಸುವ ಅಡಿನೋಸಿನ್‌ಗೆ ಕೆಫೀನ್ ಅಡ್ಡ ನಿಲ್ಲುತ್ತದೆ. ದಣಿವು ಮಾತ್ರ ಇದ್ದಲ್ಲೇ ಇರುತ್ತದೆ. 250 ಮಿ.ಲೀ. ಡಬ್ಬಿಯಲ್ಲಿ ಸುಮಾರು 75ರಿಂದ 80 ಮಿ.ಗ್ರಾಂ ಕೆಫೀನ್, ಆರು ಚಮಚದಷ್ಟು ಸಕ್ಕರೆ. ರಾತ್ರಿ ಹತ್ತಕ್ಕೆ ಕುಡಿದರೆ ಬೆಳಗಿನ ಜಾವ ಮೂರು ಗಂಟೆಗೂ ಹೆಚ್ಚುಕಡಿಮೆ ಅರ್ಧ ಕೆಫೀನ್ ಮೈಯಲ್ಲೇ ಉಳಿದಿರುತ್ತದೆ. ಡಬ್ಬಿ ತಿರುಗಿಸಿ ಸಣ್ಣ ಅಕ್ಷರ ಓದು: ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಬೇಡ ಎಂದೇ ಬರೆದಿರುತ್ತದೆ. ನಿನಗೆ ಹದಿನೆಂಟು ತುಂಬಿಲ್ಲ, ನಾನಂತೂ ಕೊಡಿಸುವುದಿಲ್ಲ.

ಅಂಗಳದಲ್ಲಿ ಬೆವರಿದ ಮೇಲೆ ಬೊಂಡ. ಕತ್ತಿಯ ಎರಡು ಏಟಿಗೆ ಚಿಮ್ಮುವ ಆ ನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸಕ್ಕರೆ ಕಡಿಮೆ. ತೋಟವಿದ್ದವರಿಗೆ ಖರ್ಚೂ ಇಲ್ಲ. ಆದರೆ ಬೆವರಿನಲ್ಲಿ ಹೆಚ್ಚು ಹೋಗುವುದು ಸೋಡಿಯಂ, ಅದು ಬೊಂಡದಲ್ಲಿ ಕಡಿಮೆ. ಜೊತೆಗೆ ಉಪ್ಪು ಹಾಕಿದ ಗಂಜಿ ಉಂಡರೆ ಆ ಕೊರತೆ ತುಂಬುತ್ತದೆ. ಮೂತ್ರಪಿಂಡದ ಕಾಯಿಲೆಯವರು ವೈದ್ಯರನ್ನು ಕೇಳಿಯೇ ಕುಡಿಯಬೇಕು.

ವಾಂತಿಭೇದಿಯಾದಾಗ ಓಆರ್‌ಎಸ್ಸೇ (ನೀರಿಗೆ ಕಲಸಿ ಕುಡಿಯುವ ಉಪ್ಪು-ಸಕ್ಕರೆಯ ಪುಡಿ) ಬೇಕು. ಪೊಟ್ಟಣದಲ್ಲಿ ಹೇಳಿದಷ್ಟೇ ನೀರಿಗೆ ಕಲಸಬೇಕು.

ಓದಿಗೆ? ಮೊದಲು ಇಪ್ಪತ್ತು ನಿಮಿಷ ಮಲಗು. ಆಮೇಲೂ ಕಣ್ಣು ಎಳೆದರೆ ಅಮ್ಮನ ಕೈಯ ಅರ್ಧ ಲೋಟ ಚಹಾ ಸಾಕು.