15,000 ವ್ಯಾಟ್ ಅಂತ ಮಾರಿದ್ದು, ಬಿಚ್ಚಿದರೆ 40: ಮೊದಲ ಸಲ ಸ್ಪೀಕರ್ ಕೊಳ್ಳುವವರಿಗೆ ಎಚ್ಚರಿಕೆ

ಬಾಗಲಕೋಟೆ ನವನಗರದ ಒಂದು ಮನೆಯವರು ದೀಪಾವಳಿಗೆ 11,500 ರೂಪಾಯಿ ಎಣಿಸಿ 5.1 ಹೋಮ್ ಥಿಯೇಟರ್ ತಂದರು. ಎದೆಮಟ್ಟದ ಎರಡು ಟವರ್, ನಡುವೆ ಸೆಂಟರ್ ಸ್ಪೀಕರ್, ಹಿಂದೆ ಎರಡು ಸಣ್ಣವು, ಜೊತೆಗೊಂದು ಸಬ್‌ವೂಫರ್. ಯುಗಾದಿ ಬರುವಷ್ಟರಲ್ಲಿ ಸಬ್‌ವೂಫರಿನಿಂದ ಸುಟ್ಟ ವಾಸನೆ ಬಂದು ಸೆಟ್ಟು ಮೂಕವಾಯಿತು. ಅಂಗಡಿಗೆ ಒಯ್ದಾಗ ಸಿಕ್ಕ ಉತ್ತರ: "ಐಸಿ ಹೋದ್ರ ವಾರಂಟಿ ಬರಂಗಿಲ್ರೀ ಕಾಕಾರ, ನಿಮ್ಮ ಮನಿ ವೋಲ್ಟೇಜ್ ಹಂಗೈತಿ." ವೋಲ್ಟೇಜಿನ ಮಾತು ಅರ್ಧ ನಿಜ. ಉಳಿದರ್ಧ ಪೆಟ್ಟಿಗೆಯೊಳಗೇ ಇತ್ತು. ಸ್ಕ್ರೂ ಬಿಚ್ಚಿದಾಗ ಕಂಡದ್ದನ್ನು ಇಲ್ಲಿ ಬರೆದಿದೆ. ಇಂಥ ಸೆಟ್ಟು ಬೇರೆ ಬೇರೆ ಸ್ಟಿಕ್ಕರ್ ಹಚ್ಚಿಕೊಂಡು ಎಲ್ಲ ಊರಲ್ಲೂ ಸಿಗುತ್ತದೆ, ತಿಂಗಳುಗಟ್ಟಲೆ ಕೂಡಿಟ್ಟ ರೊಕ್ಕ ಹೀಗೆ ಹೋಗಬಾರದು.

ಮುಂದುಗಡೆ ದೊಡ್ಡ ಅಕ್ಷರದಲ್ಲಿ "15,000 ವ್ಯಾಟ್ ಪಿಎಂಪಿಒ" ಎಂದಿತ್ತು. ಪಿಎಂಪಿಒ ಅಂದರೆ ಒಂದು ಗಳಿಗೆ ಏರಬಹುದಾದ ಗರಿಷ್ಠ ಶಕ್ತಿ ಎಂಬ ಲೆಕ್ಕ. ಅದನ್ನು ಅಳೆಯಲು ಎಲ್ಲರೂ ಒಪ್ಪಿದ ಒಂದು ಪದ್ಧತಿಯೇ ಇಲ್ಲ. ತಯಾರಿಸಿದವರು ಬರೆದದ್ದೇ ಲೆಕ್ಕ. ನೋಡಬೇಕಾದದ್ದು ಆರ್‌ಎಂಎಸ್ ವ್ಯಾಟ್, ಅಂದರೆ ಒಂದೇ ಸಮ ಕೊಡಬಲ್ಲ ಶಕ್ತಿ. ಅದನ್ನೂ ಸುಮ್ಮನೆ ನಂಬಬೇಡಿ, ಕರೆಂಟ್ ಒಳಬರುವ ಕಡೆ ನೋಡಿ. ಅಡಾಪ್ಟರ್ ಇದ್ದರೆ ಅದರ ಮೇಲಿನ ವೋಲ್ಟನ್ನು ಆಂಪಿಯರಿನಿಂದ ಗುಣಿಸಿ. 12 ವೋಲ್ಟ್, 2 ಆಂಪಿಯರ್ ಅಂದರೆ 24 ವ್ಯಾಟ್. ಅದಕ್ಕೆ ಜೋಡಿಸಿದ ಆಂಪ್ಲಿಫಯರ್ ಮೇಲೆ 100 ವ್ಯಾಟ್ ಆರ್‌ಎಂಎಸ್ ಎಂದು ಬರೆದಿದ್ದರೆ ಅದು ಸುಳ್ಳು. ಒಳಗೆ ಬಂದದ್ದಕ್ಕಿಂತ ಹೆಚ್ಚು ಹೊರಗೆ ಹೋಗಲು ಸಾಧ್ಯವೇ ಇಲ್ಲ. ಅಡಾಪ್ಟರ್ ಇಲ್ಲದೆ ನೇರ ವೈರು ಹೋಗುವ ಸೆಟ್ಟಿನಲ್ಲಿ ಹಿಂಬದಿಯ ಪಟ್ಟಿ ಓದಿ: 230 ವೋಲ್ಟ್, 50 ಹರ್ಟ್ಜ್, ಪಕ್ಕದಲ್ಲಿ ಎಷ್ಟು ವ್ಯಾಟ್ ಎಂದಿದೆಯೋ ಅದು ಆ ಸೆಟ್ಟಿನ ಮಿತಿ.

ನವನಗರದ ಸೆಟ್ಟಿನ ಟ್ರಾನ್ಸ್‌ಫಾರ್ಮರ್ 12-0-12 (ನಡುವಿನ ತಂತಿಯಿಂದ ಎರಡೂ ಬದಿಗೆ 12 ವೋಲ್ಟ್), 3 ಆಂಪಿಯರಿನದು. ಎರಡೂ ಬದಿ ಸೇರಿಸಿ 24 ವೋಲ್ಟಿಗೆ 72 ವಿಎ (ವೋಲ್ಟ್ ಗುಣಿಸು ಆಂಪಿಯರ್). ಆಂಪ್ಲಿಫಯರ್ ಬೋರ್ಡಿನಲ್ಲಿ ನಾಲ್ಕು 4440 ಐಸಿ (ದನಿ ಹೆಚ್ಚಿಸುವ ಚಿಪ್). ಐಸಿ ಕೆಟ್ಟದ್ದೆಂದು ಹೇಳುತ್ತಿಲ್ಲ. ಸಾನ್ಯೋದವರು ಮಾಡಿದ ಈ ಐಸಿ ಟೇಪ್ ರೆಕಾರ್ಡರುಗಳಲ್ಲಿ ಎಷ್ಟೋ ವರ್ಷ ಚೆನ್ನಾಗಿ ದುಡಿದಿದೆ. ಆದರೆ ಅದರ ಶಕ್ತಿ ಇಷ್ಟೇ: ಎರಡು ಚಾನೆಲ್ ಮಾಡಿದರೆ ತಲಾ 6 ವ್ಯಾಟ್, ಎರಡನ್ನೂ ಕೂಡಿಸಿ ಬ್ರಿಜ್ ಮಾಡಿದರೆ 19 ವ್ಯಾಟ್, ಅದೂ ದನಿ ಒಡೆಯುವ ಹಂತದಲ್ಲಿ ಅಳೆದದ್ದು. ಸಬ್‌ವೂಫರಿಗೆ ಬ್ರಿಜ್ ಮಾಡಿದ 19, ಉಳಿದ ಐದಕ್ಕೆ ತಲಾ 6, ಕೂಡಿದರೆ 49. ಇಂಥ ಐಸಿ ತಾನು ಎಳೆದುಕೊಂಡ ಕರೆಂಟಿನ ಸುಮಾರು ಅರ್ಧವನ್ನು ಬಿಸಿ ಮಾಡಿಯೇ ಕಳೆಯುತ್ತದೆ. ಹಾಗಾಗಿ ಆ ಟ್ರಾನ್ಸ್‌ಫಾರ್ಮರ್ ಮೇಲೆ ಒಂದೇ ಸಮ ದುಡಿಸಿದರೆ ಹೊರಬರುವುದು 40 ವ್ಯಾಟಿನ ಆಸುಪಾಸು.

40 ವ್ಯಾಟ್ ಕಡಿಮೆಯೇ? ಅಲ್ಲ, ಈ ಮಾತು ಹೊಸಬರಿಗೆ ತಿಳಿಯಬೇಕು. ಸ್ಪೀಕರಿನ ಸೆನ್ಸಿಟಿವಿಟಿ 87 ಡೆಸಿಬೆಲ್ ಇದ್ದರೆ 1 ವ್ಯಾಟಿಗೆ 1 ಮೀಟರ್ ದೂರದಲ್ಲಿ ಅಷ್ಟು ದನಿ ಬರುತ್ತದೆ. ವ್ಯಾಟ್ ದುಪ್ಪಟ್ಟು ಮಾಡಿದಾಗಲೆಲ್ಲ ಏರುವುದು 3 ಡೆಸಿಬೆಲ್ ಮಾತ್ರ. 20 ವ್ಯಾಟಿಗೆ 100 ಡೆಸಿಬೆಲ್ ಮುಟ್ಟಿರುತ್ತದೆ, 10×14 ಅಡಿಯ ಹಾಲಿಗೆ ಅದು ಕಿವಿ ಗಡಚಿಕ್ಕುವಷ್ಟು. ಶುದ್ಧವಾದ 20 ವ್ಯಾಟ್ ಮನೆಗೆ ಸಾಕು. ಮೋಸ ಇರುವುದು ಅಂಕಿಯಲ್ಲಿ, ಮತ್ತು ಆ ಅಂಕಿ ತೋರಿಸಿ ಒಳಗಿನ ಸಾಮಾನಿನಲ್ಲಿ ಮಾಡಿದ ಉಳಿತಾಯದಲ್ಲಿ.

ಟವರುಗಳ ಗತಿ ನೋಡಿ ನಿಜಕ್ಕೂ ಸಂಕಟವಾಯಿತು. ಎದುರಿಗೆ ನಾಲ್ಕು ಸ್ಪೀಕರ್ ಕಾಣುತ್ತಿದ್ದವು. ಜಾಳಿಗೆ ತೆಗೆದರೆ ದುಡಿಯುವುದು 4 ಇಂಚಿನದೊಂದು, ಚುರುಕು ದನಿಯ ಸಣ್ಣ ಸ್ಪೀಕರ್ ಅಂದರೆ ಟ್ವೀಟರ್ ಒಂದು. ಉಳಿದೆರಡು ಬರೀ ಕೋನ್, ಹಿಂದೆ ಮ್ಯಾಗ್ನೆಟ್ ಇಲ್ಲ, ವೈರಿಲ್ಲ. ಟ್ವೀಟರಿಗೆ 2.2 ಮೈಕ್ರೋಫ್ಯಾರಡಿನ ಒಂದೇ ಕೆಪಾಸಿಟರ್. 8 ಓಮಿನ ಟ್ವೀಟರಿಗೆ ಅಷ್ಟು ಸಣ್ಣ ಕೆಪಾಸಿಟರ್ ಹಾಕಿದರೆ 9,000 ಹರ್ಟ್ಜ್ ಆಚೆಗಷ್ಟೇ ದನಿ ಪೂರ್ತಿ ಹೋಗುತ್ತದೆ. 4.7 ಹಾಕಿದ್ದರೆ 4,200ರ ಹೊತ್ತಿಗೆ ಶುರುವಾಗುತ್ತಿತ್ತು. ಸುದ್ದಿ ಓದುವವರ ಸ, ಶ ಮಂಕಾಗಿ ಕೇಳುತ್ತಿದ್ದದ್ದು ಇದಕ್ಕೇ. ಸಬ್‌ವೂಫರಿನ "ಡಬಲ್ ಮ್ಯಾಗ್ನೆಟ್"ನಲ್ಲಿ ಹಿಂದಿನದು ಪ್ಲಾಸ್ಟಿಕ್ ಟೊಪ್ಪಿಗೆ. ಅಂಗಡಿಯಲ್ಲಿ ಪೆಟ್ಟಿಗೆ ಬಿಚ್ಚಲು ಬಿಡುವುದಿಲ್ಲ, ಆದರೆ ಎತ್ತಿ ನೋಡಲು ಯಾರೂ ಬೇಡ ಅನ್ನುವುದಿಲ್ಲ. ದೊಡ್ಡ ಪೆಟ್ಟಿಗೆ ಒಂದೇ ಕೈಗೆ ಹಗುರಾಗಿ ಬಂದರೆ ಬಿಟ್ಟುಬಿಡಿ. ಬದಿಗೆ ಬೆರಳ ಗೆಣ್ಣಿನಿಂದ ಬಡಿದು ನೋಡಿ: ಡಬ್ಬಿಯಂತೆ ಟೊಳ್ಳು ಸದ್ದು ಬಂದರೆ ತೆಳು ಹಲಗೆ. ಸಬ್‌ವೂಫರಿಗೆ 15 ಅಥವಾ 18 ಮಿಲಿಮೀಟರಿನ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಒಳ್ಳೆಯದು. ಬೆಳಗಾವಿ, ಖಾನಾಪುರದ ಮಳೆಗಾಲಕ್ಕೆ ಪಾರ್ಟಿಕಲ್ ಬೋರ್ಡ್ ಊದುತ್ತದೆ, ವಿಜಯಪುರದ ಬಿಸಿಲು ಧೂಳಿಗೆ ಕೋನಿನ ಸುತ್ತಲಿನ ಫೋಮ್ ಬಿರಿಯುತ್ತದೆ. ಸುತ್ತು ರಬ್ಬರಿನದಿರಲಿ.

ಇನ್ನು 5.1 ಎಂಬ ಮಾತು. ಹಿಂದೆ ಇದ್ದ ತೂತುಗಳು ಮೂರೇ: ಯುಎಸ್‌ಬಿ, ಆಕ್ಸ್, ಎಫ್‌ಎಂ ವೈರು. ಜೊತೆಗೆ ಬ್ಲೂಟೂತ್. ಆಕ್ಸಿನಲ್ಲಿ ಬರುವುದು ಎಡ, ಬಲ ಎರಡೇ ಚಾನೆಲ್, ಬ್ಲೂಟೂತಿನಲ್ಲೂ ಅಷ್ಟೇ. ಅದನ್ನೇ ಬೋರ್ಡು ಆರು ಕಡೆ ಹಂಚುತ್ತಿತ್ತು. ಸಿನೆಮಾದಲ್ಲಿ ಹಿಂದೆ ಮಳೆ ಬಿದ್ದರೆ ಹಿಂದೆ ಕೇಳಬೇಕಾದದ್ದು ನಾಲ್ಕೂ ಮೂಲೆಯಲ್ಲಿ ಒಂದೇ ಥರ ಕೇಳುತ್ತಿತ್ತು. ನಿಜವಾದ 5.1 ಬೇಕೆಂದರೆ ಎಚ್‌ಡಿಎಂಐ ಎಆರ್‌ಸಿ ಅಥವಾ ಆಪ್ಟಿಕಲ್ ಇನ್‌ಪುಟ್ (ಟಿವಿಯ ದನಿಯನ್ನು ಸೆಟ್ಟಿಗೆ ತರುವ ದಾರಿ) ಇರಬೇಕು, ಒಳಗೆ ಡಾಲ್ಬಿ ಡಿಜಿಟಲ್ ಬಿಡಿಸುವ ಡಿಕೋಡರ್ ಇರಬೇಕು. ಬರೀ ಡಾಲ್ಬಿ ಸ್ಟಿಕ್ಕರ್ ಇದ್ದರೆ ಸಾಲದು. ಪರೀಕ್ಷೆ ಸುಲಭ: ಒಂದೊಂದೇ ಚಾನೆಲ್ ಹೆಸರು ಹೇಳುವ 5.1 ಟೆಸ್ಟ್ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿ, ಅಂಗಡಿಯ ಟಿವಿಯಿಂದ ಆಪ್ಟಿಕಲ್ ಅಥವಾ ಎಆರ್‌ಸಿ ಮೂಲಕ ಹಚ್ಚಲು ಹೇಳಿ. "ಹಿಂದಿನ ಎಡ" ಎಂದಾಗ ಅದೊಂದೇ ಮಾತಾಡಬೇಕು. ಟಿವಿಯ ಸೆಟ್ಟಿಂಗಿನಲ್ಲಿ ಡಿಜಿಟಲ್ ಔಟ್‌ಪುಟ್ ಪಿಸಿಎಂ (ಡಾಲ್ಬಿ ಇಲ್ಲದ ಸಾದಾ ದನಿ) ಎಂದಿದ್ದರೆ ಆಪ್ಟಿಕಲ್‌ನಲ್ಲಿ ಎರಡೇ ಚಾನೆಲ್ ಹೋಗುತ್ತವೆ, ಮೊದಲು ಅದನ್ನು ಬದಲಿಸಿ. ಇದಕ್ಕೆ ಉಲ್ಟಾ, ಡಿಕೋಡರ್ ಇಲ್ಲದ ಸಾದಾ ಆಂಪ್ಲಿಫಯರಿಗೆ ಡಾಲ್ಬಿ ಕಳಿಸಿದರೆ ದನಿಯೇ ಬರುವುದಿಲ್ಲ. ಅದಕ್ಕೆ ಪಿಸಿಎಂ ಇಡಬೇಕು.

ಸೆಟ್ಟಿನ ಜೊತೆ ಕೊಟ್ಟ ವೈರು ಕೂದಲೆಳೆಯಂಥದು. ಚಾಕುವಿನಿಂದ ಕೆರೆದರೆ ಕೆಂಪು ಹೋಗಿ ಬೆಳ್ಳಗಾಯಿತು, ಅಂದರೆ ತಾಮ್ರದ ಲೇಪದ ಅಲ್ಯೂಮಿನಿಯಂ. 0.2 ಚದರ ಮಿಲಿಮೀಟರಿನ ಅಂಥ ವೈರು 5 ಮೀಟರ್ ಹೋಗಿ 5 ಮೀಟರ್ ಬರುವಾಗ ಸುಮಾರು 1.4 ಓಮ್ ಆಗುತ್ತದೆ. 4 ಓಮಿನ ಸ್ಪೀಕರ್ ಎದುರು ಇದನ್ನಿಟ್ಟರೆ ಕಾಲು ಭಾಗ ಶಕ್ತಿ ವೈರಿನಲ್ಲೇ ಕರಗುತ್ತದೆ. ಸ್ಪೀಕರ್ ವೈರೆಂದು ದುಬಾರಿಯದೇನೂ ಬೇಕಿಲ್ಲ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ 1.5 ಚದರ ಮಿಲಿಮೀಟರಿನ ಅಪ್ಪಟ ತಾಮ್ರದ ಎಳೆವೈರು ಕೆಂಪು, ಕಪ್ಪು ಎರಡನ್ನು ಹೊಸೆದುಕೊಂಡರೆ ಅದೇ ದೂರಕ್ಕೆ 0.12 ಓಮ್.

ಈಗ ಸುಟ್ಟದ್ದೇಕೆ ಎಂಬುದು. 12 ವೋಲ್ಟಿನ ಎಸಿಯನ್ನು ಡಯೋಡ್ ದಾಟಿಸಿ ಕೆಪಾಸಿಟರಿಗೆ ತುಂಬಿದರೆ 16 ವೋಲ್ಟ್ ಡಿಸಿ ಆಗುತ್ತದೆ. 4440 ಐಸಿ ದುಡಿಯುವಾಗ ತಡೆಯುವುದು 18 ವೋಲ್ಟ್. ರಾತ್ರಿ ಲೋಡ್ ಇಳಿದು ಲೈನಿನಲ್ಲಿ 250 ವೋಲ್ಟ್ ಬಂದರೆ, ಅಗ್ಗದ ಟ್ರಾನ್ಸ್‌ಫಾರ್ಮರ್ ಮೇಲೆ ಇದು ಸಲೀಸಾಗಿ 18 ದಾಟುತ್ತದೆ. ಅದರ ಮೇಲೆ ಐಸಿಯ ಬಿಸಿ ಇಳಿಸುವ ಹೀಟ್‌ಸಿಂಕ್ ಅಂಗೈಗಿಂತ ಸಣ್ಣದು, ಸೆಟ್ಟು ಗಾಜಿನ ಶೋಕೇಸಿನೊಳಗೆ, ಹೊರಗೆ ಮಾರ್ಚ್ ತಿಂಗಳ ಬಾಗಲಕೋಟೆಯ ಬಿಸಿಲು. ಬ್ರಿಜ್ ಮಾಡಿದ ಐಸಿಯ ಒಂದು ಬದಿ ಸತ್ತಿತು. ಎರಡು ಚಾನೆಲಿನ ಜೋಡಣೆಯಲ್ಲಿ ಸ್ಪೀಕರಿಗೆ ಮುಂಚೆ ಕೆಪಾಸಿಟರ್ ಇರುವುದರಿಂದ ಡಿಸಿ ಅಲ್ಲೇ ನಿಲ್ಲುತ್ತದೆ. ಬ್ರಿಜ್‌ನಲ್ಲಿ ಆ ಅಡ್ಡಗಟ್ಟೆ ಇಲ್ಲ, ಡಿಸಿ ನೇರ ಸಬ್‌ವೂಫರಿನ ಕಾಯಿಲಿಗೆ (ಕೋನನ್ನು ಅಲುಗಿಸುವ ತಂತಿಸುರುಳಿಗೆ) ಹರಿದು ಅದನ್ನು ಸುಟ್ಟಿತು. ನಿಮ್ಮ ಮನೆಯ ಸೆಟ್ಟಿನಲ್ಲಿ ಸಬ್‌ವೂಫರಿನ ಕೋನ್ ಹಾಡಿಲ್ಲದಾಗಲೂ ಒಂದೇ ಕಡೆ ಸರಿದು ಬಿಗಿಯಾಗಿ ನಿಂತಿದ್ದರೆ, ದಪ್ಪ ಗುಂಯ್ ಸದ್ದು ಬಂದರೆ, ಆ ಕ್ಷಣವೇ ಪ್ಲಗ್ ಕೀಳಿ. ಕಾಯಿಲ್ ಉಳಿಯಬಹುದು.

ಸ್ಪೈಕ್ ಗಾರ್ಡ್ ಹಾಕಿದ್ದೆವಲ್ಲ ಎಂದು ಆ ಮನೆಯವರು ಕೇಳಿದರು. ಸ್ಪೈಕ್ ಗಾರ್ಡ್ ಮಿಂಚಿನಂಥ ಗಳಿಗೆಯ ಏರಿಕೆಯನ್ನಷ್ಟೇ ಹೀರುತ್ತದೆ, ಗಂಟೆಗಟ್ಟಲೆ ಇರುವ 250 ವೋಲ್ಟನ್ನು ಇಳಿಸುವುದಿಲ್ಲ. ಲೈನ್ ಏರಿಳಿಯುವ ಊರುಗಳಲ್ಲಿ 100ರಿಂದ 240 ವೋಲ್ಟಿನ ಎಸ್‌ಎಂಪಿಎಸ್ ಅಡಾಪ್ಟರ್ ಮೇಲೆ ನಡೆಯುವ ಆಂಪ್ಲಿಫಯರ್ ಮೇಲು, ಲೈನ್ ಸ್ವಲ್ಪ ಹೆಚ್ಚುಕಡಿಮೆ ಆದರೂ ಅದು ಕೊಡುವ ಡಿಸಿ ಬದಲಾಗುವುದಿಲ್ಲ. ಅಡಾಪ್ಟರ್ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು ಮತ್ತು ಆರ್ ಅಕ್ಷರದಿಂದ ಶುರುವಾಗುವ ನಂಬರ್ ಇರಬೇಕು. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ನಂಬರ್ ಹಾಕಿದರೆ ಅಸಲಿಯೋ ಅಲ್ಲವೋ ಅಲ್ಲೇ ತಿಳಿಯುತ್ತದೆ.

ಅದೇ ಹಣಕ್ಕೆ ಏನು ಕೊಳ್ಳಬೇಕಿತ್ತು? ಆರು ಬೇಡ, ಎರಡು. 5ರಿಂದ 6.5 ಇಂಚಿನ ವೂಫರ್, 1 ಇಂಚಿನ ಡೋಮ್ ಟ್ವೀಟರ್ ಇರುವ ಒಂದು ಜೊತೆ ಬುಕ್‌ಶೆಲ್ಫ್ ಸ್ಪೀಕರ್, ಅದಕ್ಕೆ ಟಿಪಿಎ 3116 ಐಸಿಯ ಕ್ಲಾಸ್-ಡಿ (ಬಿಸಿ ಕಡಿಮೆಯ) ಆಂಪ್ಲಿಫಯರ್, 24 ವೋಲ್ಟ್ 5 ಆಂಪಿಯರಿನ ಅಡಾಪ್ಟರ್. ಈ ಐಸಿಗೂ "50+50" ಎಂದು ಬರೆದಿರುತ್ತಾರೆ. ಅದು 4 ಓಮಿಗೆ, ದನಿ ಒಡೆಯುವಾಗಿನ ಲೆಕ್ಕ. 8 ಓಮಿಗೆ ಶುದ್ಧವಾಗಿ 20ರಿಂದ 25 ಬಂದರೂ ಮನೆಗೆ ಧಾರಾಳ. ಕೊಳ್ಳುವಾಗಲೇ ಸಬ್ ಔಟ್ (ಸಬ್‌ವೂಫರಿಗೆ ದನಿ ಕಳಿಸುವ ತೂತು) ಇರುವ ಆಂಪ್ಲಿಫಯರ್ ನೋಡಿ, ಆರು ತಿಂಗಳ ಮೇಲೆ ಸಬ್‌ವೂಫರ್ ಸೇರಿಸಬಹುದು. ಒಂದೇ ಸಲ ಎಲ್ಲ ಬೇಕೆಂಬ ಆಸೆಯಿಂದಲೇ ಹೊಸಬರು ಕೆಡುವುದು.

ಸೆಕೆಂಡ್ ಹ್ಯಾಂಡ್ ಸ್ಪೀಕರ್ ಕೊಳ್ಳುವವರು ಮಲ್ಟಿಮೀಟರ್ ಒಯ್ಯಿರಿ. 200 ಓಮ್ ರೇಂಜಿನಲ್ಲಿ 8 ಓಮಿನದು 6ರ ಆಸುಪಾಸು, 4 ಓಮಿನದು 3ರಿಂದ 3.5 ತೋರಿಸಬೇಕು. ಏನೂ ತೋರಿಸದಿದ್ದರೆ ಕಾಯಿಲ್ ಹರಿದಿದೆ. ಕೋನನ್ನು ನಾಲ್ಕು ಬೆರಳಿನಿಂದ ಸಮನಾಗಿ ಒತ್ತಿ ಬಿಡಿ, ಕರಕರ ಎಂದರೆ ಕಾಯಿಲ್ ಉಜ್ಜುತ್ತಿದೆ. 1.5 ವೋಲ್ಟಿನ ಸೆಲ್ಲಿನ ಪ್ಲಸ್ಸನ್ನು ಸ್ಪೀಕರಿನ ಪ್ಲಸ್ಸಿಗೆ ತಾಗಿಸಿದ ಕೂಡಲೇ ಕೋನ್ ಹೊರಗೆ ಬರಬೇಕು. ಎರಡರಲ್ಲಿ ಒಂದು ಒಳಗೆ ಹೋದರೆ ಪ್ಲಸ್ ಮೈನಸ್ ಅದಲುಬದಲಾಗಿದೆ, ಹಾಗೆ ಹಚ್ಚಿದರೆ ಒಂದರ ಬಾಸನ್ನು ಇನ್ನೊಂದು ತಿನ್ನುತ್ತದೆ.

ಸಬ್‌ವೂಫರ್ ತಂದಾಗ ಅದನ್ನು ಮೂಲೆಗೆ ತಳ್ಳಬೇಡಿ. ನಮ್ಮ ಕಡೆ ಗೋಡೆ ಸಿಮೆಂಟಿನದು, ನೆಲ ಫರಸಿ ಇಲ್ಲವೇ ಟೈಲ್ಸ್, ದನಿ ಹೀರುವಂಥದ್ದು ಏನೂ ಇಲ್ಲ. 14 ಅಡಿ ಉದ್ದದ ಹಾಲ್ 40 ಹರ್ಟ್ಜ್ ಹತ್ತಿರ, 10 ಅಡಿ ಅಗಲ 56ರ ಹತ್ತಿರ ಗುಂಗುಡುತ್ತದೆ. ಸಬ್‌ವೂಫರನ್ನು ನೀವು ಕೂಡುವ ಜಾಗದಲ್ಲಿಟ್ಟು ಬಾಸ್ ಇರುವ ಹಾಡು ಹಚ್ಚಿ, ಗೋಡೆಗುಂಟ ಮೊಣಕಾಲೂರಿ ಸರಿಯುತ್ತ ಕೇಳಿ. ಎಲ್ಲಿ ಒಂದೊಂದು ಪೆಟ್ಟು ಬಿಡಿಬಿಡಿಯಾಗಿ ಕೇಳುತ್ತದೋ ಸಬ್‌ವೂಫರಿನ ಜಾಗ ಅದು. ಕ್ರಾಸ್‌ಓವರ್ (ಎಷ್ಟು ಹರ್ಟ್ಜಿನ ಕೆಳಗಿನ ದನಿ ಸಬ್‌ವೂಫರಿಗೆ ಎಂಬ ಗೆರೆ) 80 ಹರ್ಟ್ಜಿಗಿಡಿ. 3 ಇಂಚಿನ ಸಣ್ಣ ಸ್ಪೀಕರಾದರೆ 120ರವರೆಗೆ ಏರಿಸಬೇಕಾಗುತ್ತದೆ, ಆಗ ಗಂಡಸರ ದನಿಯೂ ಸಬ್‌ವೂಫರಿನಿಂದ ಬಂದಂತೆನಿಸುತ್ತದೆ. ಫೇಸ್ ಸ್ವಿಚ್ಚನ್ನು 0, 180 ಎರಡರಲ್ಲೂ ಕೇಳಿ, ಬಾಸ್ ತುಂಬಿ ಬರುವ ಕಡೆ ಬಿಡಿ. ಸ್ಪೀಕರ್ ಎದುರಿನ ನೆಲಕ್ಕೆ ದಪ್ಪ ಕೌದಿಯೊಂದನ್ನು ಹಾಸಿದರೆ ಫರಸಿಗೆ ಬಡಿದು ಬರುವ ಚುರುಕು ದನಿ ತಗ್ಗಿ ಮಾತು ತಿಳಿಯಾಗುತ್ತದೆ. ಬಾಸಿಗೆ ಮಾತ್ರ ಕೌದಿ ಏನೂ ಮಾಡದು, ಅದಕ್ಕೆ ಜಾಗ ಬದಲಿಸುವುದೇ ದಾರಿ.

ಕೊನೆಯದು ಬಿಲ್ಲು. ಆ ಮನೆಯವರ ಬಿಲ್ಲಿನಲ್ಲಿದ್ದದ್ದು "ಹೋಮ್ ಥಿಯೇಟರ್ 1 ನಗ" ಎಂಬ ಒಂದೇ ಸಾಲು, ಮಾಡೆಲ್ ಇಲ್ಲ, ವಾರಂಟಿ ಎಷ್ಟು ದಿನ ಎಂಬುದಿಲ್ಲ. ಬಾಯಿಮಾತಿನ "ಒಂದು ವರ್ಷ ನಮ್ದು ಜವಾಬ್ದಾರಿ ರೀ" ಎಂಬುದನ್ನು ತೋರಿಸಲು ಅವರ ಬಳಿ ಏನೂ ಇರಲಿಲ್ಲ. ಜಿಎಸ್‌ಟಿ ಬಿಲ್ಲಿನಲ್ಲಿ ಮಾಡೆಲ್ ನಂಬರ್, ಆರ್‌ಎಂಎಸ್ ವ್ಯಾಟ್, ವಾರಂಟಿಯ ಅವಧಿ, ಐಸಿ ಮತ್ತು ಕಾಯಿಲ್ ಅದರಲ್ಲಿ ಸೇರಿದೆಯೋ ಇಲ್ಲವೋ, ಇಷ್ಟನ್ನೂ ಬರೆಸಿ. ಬರೆಯಲು ಒಪ್ಪದಿದ್ದರೆ ರೊಕ್ಕ ಕೊಡಬೇಡಿ. ಪೆಟ್ಟಿಗೆಯ ಎಲ್ಲ ಬದಿಯ ಫೋಟೊ ತೆಗೆದಿಡಿ, ಅದರ ಮೇಲಿನ ಸುಳ್ಳು ಅಂಕಿಯೇ ಮುಂದೆ ಸಾಕ್ಷಿ. ತಕರಾರು ಬಂದರೆ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು, 5 ಲಕ್ಷದವರೆಗಿನ ಸಾಮಾನಿಗೆ ಶುಲ್ಕವಿಲ್ಲ.