ತಿರುವುಗಳ ಮಾಸ್ಕಿಂಗ್ ಟೇಪು: ನಾಲ್ಕು ವರ್ಷ, ಹದಿನಾಲ್ಕು ವಿಮಾನ ಆದಮೇಲೆ

ಮೊದಲ ವರ್ಷ ಪೂರ್ತಿ ಈ ಟೇಪಿಗೆ ಶಾಪ ಹಾಕಿಕೊಂಡೇ ಕೆಲಸ ಮಾಡಿದೆ. ಈಗ ಒಂದು ಸುರುಳಿ ಅರ್ಧ ಆಗುವಷ್ಟರಲ್ಲಿ ಇನ್ನೊಂದು ತರಿಸಿ ಇಟ್ಟಿರುತ್ತೇನೆ. ಟೇಪು ಅದೇ, ಕೈ ಪಳಗಿತು ಅಷ್ಟೆ. ಇಷ್ಟರಲ್ಲಿ ಹದಿನಾಲ್ಕು ವಿಮಾನದ ಮಾಡೆಲ್ ಮುಗಿದಿವೆ. ಹೆಚ್ಚಿನವು 1/48 ಅಳತೆ, ಅಂದರೆ ಅಸಲಿಯ ನಲವತ್ತೆಂಟನೇ ಒಂದು ಪಾಲು; ನಾಲ್ಕೈದು 1/72.

ಹೇಳುತ್ತಿರುವುದು ತಿರುವುಗಳಿಗೆಂದೇ ಬರುವ ತೆಳ್ಳನೆಯ ಬಿಳಿ ವಿನೈಲ್ ಟೇಪಿನ ಬಗ್ಗೆ. ಎರಡು ಬಣ್ಣ ಸೇರುವ ಕಡೆ ಗೆರೆ ಚೊಕ್ಕವಾಗಿ ಬರಲೆಂದು ಹಚ್ಚಿ, ಬಣ್ಣ ಹೊಡೆದ ಮೇಲೆ ಕೀಳುವ ಟೇಪು. ನನ್ನ ಹತ್ತಿರ ಇರುವುದು 2, 3 ಮತ್ತು 5 ಮಿ.ಮೀ. ಅಗಲದವು. ಎರಡು ಬ್ರ್ಯಾಂಡ್ ಬಳಸಿ ನೋಡಿದ್ದೇನೆ, ಸ್ವಭಾವ ಹೆಚ್ಚು ಕಡಿಮೆ ಒಂದೇ. ಹಾಗಾಗಿ ಹೆಸರು ಬಿಟ್ಟಿದ್ದೇನೆ.

ಹಳದಿ ವಾಶಿ ಟೇಪು ಮಾಡೆಲ್ ಕಟ್ಟುವ ಎಲ್ಲರ ಹತ್ತಿರವೂ ಇರುತ್ತದೆ. ಅದು ಕಾಗದ, ಹಿಗ್ಗುವುದಿಲ್ಲ. ಬಾಗಿಸಿದರೆ ತಿರುವಿನ ಒಳಮಗ್ಗುಲು ನೆರಿಗೆ ಕಟ್ಟುತ್ತದೆ, ಒಂದೊಂದು ನೆರಿಗೆಯೂ ಬಣ್ಣ ನುಗ್ಗಲು ಒಂದು ಕಾಲುವೆ. ವಿನೈಲ್ ಆದರೆ ಹೊರಮಗ್ಗುಲು ಹಿಗ್ಗಿ ತಿರುವಿಗೆ ಒಗ್ಗಿಕೊಳ್ಳುತ್ತದೆ. ಎಡವಟ್ಟು ಶುರುವಾಗುವುದೂ ಇಲ್ಲೇ. ಹಿಗ್ಗಿದ್ದು ಕುಗ್ಗಲು ಹೊಂಚು ಹಾಕುತ್ತಿರುತ್ತದೆ.

ಇದು ನನಗೆ ತಿಳಿದದ್ದು ಒಂದು ಪಿ-51ಡಿ ಮಸ್ಟಾಂಗ್ ಯುದ್ಧವಿಮಾನದ ಮಾಡೆಲ್ ಮೇಲೆ. ಲೋಹದ ಬಣ್ಣದ ಮೂತಿಯ ಮೇಲೆ, ಮುಂದಿನ ಗಾಜಿನಿಂದ ಪ್ರೊಪೆಲರ್ ನಡುವಿನ ಟೊಪ್ಪಿ, ಅಂದರೆ ಸ್ಪಿನ್ನರ್‌ವರೆಗೆ, ಬಿಸಿಲಿನ ಪ್ರತಿಫಲನ ಪೈಲಟ್ ಕಣ್ಣಿಗೆ ಹೊಡೆಯದಿರಲೆಂದು ಬಳಿಯುತ್ತಿದ್ದ ಆಲಿವ್ ಡ್ರ್ಯಾಬ್ ಪಟ್ಟಿ ಇದೆಯಲ್ಲ, ಅದರ ಅಂಚು. ರಾತ್ರಿ ಕೂತು ಚೆಂದವಾಗಿ, ಬಿಗಿಯಾಗಿ ಎಳೆದೆಳೆದು ಟೇಪು ಹಚ್ಚಿದೆ. ಬೆಳಿಗ್ಗೆ ಎದ್ದು ಬಣ್ಣ ಹೊಡೆದೆ. ಟೇಪು ಕಿತ್ತು ನೋಡಿದರೆ ಎಡಗಡೆ ತಿರುವಿನಲ್ಲಿ ಗೆರೆ ಅರ್ಧ ಮಿ.ಮೀ. ಒಳಕ್ಕೆ ಸರಿದಿದೆ, ಕೆಳಗೆ ಬಣ್ಣದ ಹಲ್ಲುಗಳು. ನಾನು ನಿದ್ದೆ ಮಾಡುತ್ತಿದ್ದಾಗ ಟೇಪು ತನ್ನ ಹಳೆಯ ಉದ್ದಕ್ಕೆ ವಾಪಸ್ ಹೊರಟಿತ್ತು. ಅರ್ಧ ಮಿ.ಮೀ. ಅಂದರೆ 1/48ರಲ್ಲಿ ಅಸಲಿ ವಿಮಾನದ 24 ಮಿ.ಮೀ. ಎಡ ಬಲ ಹೋಲಿಸಿದವರಿಗೆ ಕಂಡೇ ಕಾಣುತ್ತದೆ.

ಆಮೇಲಿನಿಂದ ಎಳೆಯುವುದನ್ನು ಬಿಟ್ಟೆ. ಎಡಗೈಯಲ್ಲಿ ಟೇಪು ಸಡಿಲವಾಗಿ ಇರುತ್ತದೆ, ಬಲಗೈ ತೋರುಬೆರಳು ನಾಲ್ಕೈದು ಮಿ.ಮೀ. ಅಷ್ಟೇ ಒತ್ತುತ್ತದೆ, ಎಡಗೈ ಸ್ವಲ್ಪ ದಿಕ್ಕು ತಿರುಗಿಸುತ್ತದೆ, ಮತ್ತೆ ಒತ್ತು. ಟೇಪು ಬಾಗಬೇಕಾದ್ದು ಕೈ ತಿರುಗುವುದರಿಂದ. ಟೇಪು ಹಚ್ಚಿ ಕೂತಲ್ಲಿಂದ ಏಳುವ ಮುಂಚೆಯೇ ಬಣ್ಣವೂ ಆಗಬೇಕು, ಊಟ ಮಾಡಿ ಬರುತ್ತೇನೆ ಅಂದರೂ ಕಷ್ಟ. ತುದಿಗಳು ಮೊದಲು ಏಳುವುದರಿಂದ ಎರಡೂ ತುದಿಯ ಮೇಲೆ ಹಳದಿ ಟೇಪಿನ ಚೂರು ಕೂರಿಸುತ್ತೇನೆ.

ಇನ್ನೊಂದು ವಿಷಯ ಡಬ್ಬದ ಮೇಲಿನ ಚಿತ್ರ ನೋಡಿದರೆ ಹೊಳೆಯುವುದಿಲ್ಲ. ಈ ಟೇಪು ಗೆರೆ ಹಾಕಿಕೊಡುತ್ತದೆ ಅಷ್ಟೆ, ಮುಚ್ಚುವುದು ಬೇರೆಯವರ ಕೆಲಸ. 3 ಮಿ.ಮೀ. ಆಚೆಗೆ ಏರ್‌ಬ್ರಷ್ (ಗಾಳಿಯಿಂದ ಬಣ್ಣ ಸಿಂಪಡಿಸುವ ಪೆನ್ನಿನಂಥ ಸಾಧನ) ಮಂಜು ಸಲೀಸಾಗಿ ಹಾರುತ್ತದೆ. ಬಿಳಿ ಟೇಪಿನ ಅರ್ಧ ಅಗಲದ ಮೇಲೆ ಹತ್ತಿಸಿ ಹಳದಿ ಟೇಪು, ಅದರಾಚೆ ಕಾಗದ. ಒಂದು ರೆಕ್ಕೆಯಲ್ಲಿ ಈ ಎರಡನೇ ಸಾಲಿಗೆ ಹಿಡಿಯುವ ಹೊತ್ತು ಮೊದಲನೆಯದಕ್ಕಿಂತ ಜಾಸ್ತಿ. ಅದನ್ನು ಲೆಕ್ಕಕ್ಕಿಟ್ಟುಕೊಂಡೇ ಕೂರಬೇಕು.

ಇದರ ನಿಜವಾದ ದೌರ್ಬಲ್ಯ ಪ್ಯಾನೆಲ್ ಗೆರೆಗಳು, ಅಂದರೆ ವಿಮಾನದ ತಗಡುಗಳು ಸೇರುವ ಜಾಗ ತೋರಿಸಲು ಮಾಡೆಲ್ ಮೇಲೆ ಕೊರೆದ ಸಣ್ಣ ಗೀರುಗಳು. ವಿನೈಲ್ ಸೇತುವೆಯಂತೆ ಗೆರೆಯ ಮೇಲೆ ಹಾಯ್ದುಬಿಡುತ್ತದೆ, ಒಳಗಿಳಿಯುವುದಿಲ್ಲ. ಹಳದಿ ಟೇಪು ಈ ವಿಷಯದಲ್ಲಿ ಮೇಲು. ಹಲ್ಲುಕಡ್ಡಿಯ ಮೊಂಡು ತುದಿಯಿಂದ ಪ್ರತಿ ಗೆರೆಯ ಬಳಿ ಟೇಪಿನ ಅಂಚನ್ನು ಒತ್ತಿ ಕೂರಿಸುತ್ತೇನೆ. ಅದರ ಮೇಲೂ ನಂಬಿಕೆ ಸಾಲದೆ, ಹೊಸ ಬಣ್ಣಕ್ಕೆ ಮುಂಚೆ ಟೇಪಿನ ಕೆಳಗಿರುವ ಹಳೆಯ ಬಣ್ಣವನ್ನೇ ಅಂಚಿನುದ್ದಕ್ಕೂ ಒಂದು ತೆಳು ಕೋಟ್ ಹೊಡೆಯುತ್ತೇನೆ. ಸೋರುವುದಿದ್ದರೆ ಅದೇ ಸೋರಲಿ, ಬಣ್ಣ ಒಂದೇ ಆದ್ದರಿಂದ ಕಾಣುವುದಿಲ್ಲ, ಸಂದೂ ಮುಚ್ಚಿಹೋಗುತ್ತದೆ. ಲೋಹದ ಬಣ್ಣದ ಮೇಲಾದರೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ಇದು ಹಳೆಯ ಉಪಾಯ, ನನ್ನದಲ್ಲ. ಆದರೆ ಇದನ್ನು ರೂಢಿ ಮಾಡಿಕೊಂಡ ಮೇಲೆ ಅಂಚು ತಿದ್ದಲು ಸಣ್ಣ ಕುಂಚ ಹಿಡಿಯುವ ಪ್ರಸಂಗ ಅಪರೂಪ.

ಅಂಟು ಹಳದಿಯದಕ್ಕಿಂತ ಮೆದು. ಲ್ಯಾಕರ್ ಅಲ್ಯೂಮಿನಿಯಂ ಬಣ್ಣದ ಮೇಲೆ ಧೈರ್ಯವಾಗಿ ಹಚ್ಚಿದ್ದೇನೆ, ಒಮ್ಮೆಯೂ ಬಣ್ಣ ಕಿತ್ತು ಬಂದಿಲ್ಲ. ಪ್ರೈಮರ್ (ಬಣ್ಣ ಹಿಡಿಯಲೆಂದು ಮೊದಲು ಹೊಡೆಯುವ ಕೋಟ್) ಇಲ್ಲದೆ ನೀರಿನ ಅಕ್ರಿಲಿಕ್ ಹೊಡೆದ ಒಂದು ಬಾಲದ ರೆಕ್ಕೆಯಲ್ಲಿ ಮಾತ್ರ ಹಾಳೆಯಂತೆ ಎದ್ದು ಬಂತು. ಅದು ನನ್ನ ಸೋಮಾರಿತನದ ಫಲ. ಕೀಳುವಾಗ ಟೇಪನ್ನು ಅದರ ಮೇಲೆಯೇ ಹಿಂದಕ್ಕೆ ಮಡಚಿ, ನಿಧಾನವಾಗಿ, ಮಾಡೆಲ್‌ಗೆ ಒರಗಿಸಿಕೊಂಡೇ ಎಳೆಯಬೇಕು. ಮೇಲಕ್ಕೆ ಎತ್ತಿದರೆ ವಿನೈಲ್ ಹಿಗ್ಗಿ ಚಟಕ್ಕನೆ ಬಿಡುತ್ತದೆ, ಅಂಚು ಚಿಪ್ಪು ಏಳುತ್ತದೆ. ಬಣ್ಣ ಕಲ್ಲಾಗುವ ಮುಂಚೆಯೇ ಕಿತ್ತರೆ ಇನ್ನೂ ಒಳ್ಳೆಯದು. ಅಂಚಿನಲ್ಲಿ ದಿಬ್ಬ ನಿಂತರೆ 3000 ನಂಬರಿನ ಸ್ಯಾಂಡಿಂಗ್ ಸ್ಪಾಂಜಿನಲ್ಲಿ ನೀರು ಹಾಕಿ ಎರಡು ಸಲ ಸವರಿದರೆ ಸಾಕು.

ಸೋತದ್ದು ಎರಡು ಕಡೆ. ಮೊದಲನೆಯದು ಸ್ಪಿಟ್‌ಫೈರ್. 1941ರ ಆಗಸ್ಟ್‌ನಲ್ಲಿ ಬಂದ ಡಾರ್ಕ್ ಗ್ರೀನ್, ಓಷನ್ ಗ್ರೇ ಕ್ಯಾಮೊಫ್ಲಾಜ್. ರೆಕ್ಕೆ ತುಂಬ ಉದ್ದುದ್ದ ಅಲೆಗಳು, ಈ ಟೇಪಿಗೆ ಹೇಳಿ ಮಾಡಿಸಿದ ಕೆಲಸ ಅನ್ನಿಸಿತ್ತು. ಗೆರೆ ಅದ್ಭುತವಾಗಿ ಬಂತು. ಆದರೆ ಕತ್ತರಿಸಿ ಅಂಟಿಸಿದ ಸ್ಟಿಕರ್ ಹಾಗೆ ಕಂಡಿತು. ಅಂಚು ಇಷ್ಟು ಚೂಪಾಗಿರದೆ ಮಸುಕಾಗಿರಬೇಕು ಎನ್ನುವವರಿಗೂ ಹತ್ತಿ ಉಂಡೆಯಷ್ಟು ಮಸುಕು ಬೇಕಾಗಿಲ್ಲ. ಅಸಲಿಯಲ್ಲಿ ಒಂದು ಅಂಗುಲದ ಮಸುಕು 1/48ರಲ್ಲಿ ಅರ್ಧ ಮಿ.ಮೀ. ಆಗುತ್ತದೆ. ಅದಕ್ಕೆ ಬ್ಲೂ-ಟ್ಯಾಕ್ (ಹಿಟ್ಟಿನಂತೆ ಮೆತ್ತಗಿರುವ ಅಂಟು) ಹೊಸೆದು ಮಾಡಿದ ಬತ್ತಿಯೇ ಸರಿ. ಬತ್ತಿ ಸ್ವಲ್ಪ ಎತ್ತರ ನಿಲ್ಲುವುದರಿಂದ ಅದರ ಬುಡಕ್ಕೆ ಬಣ್ಣದ ಮಂಜು ತೆಳ್ಳಗೆ ಹೋಗಿ ಕೂರುತ್ತದೆ.

ಎರಡನೆಯದು ಜರ್ಮನ್ ಯುದ್ಧವಿಮಾನ ಬಿಎಫ್ 109ರ ಸ್ಪಿನ್ನರ್ ಮೇಲಿನ ಬಿಳಿ ಸುರುಳಿ. ಬುಡದಿಂದ ಮೂರು ಪಾಲು 2 ಮಿ.ಮೀ. ಟೇಪು ಚೆನ್ನಾಗಿ ಹೋಯಿತು. ತುದಿ ಹತ್ತಿರ ಬಂದಂತೆ ತಿರುವು ಬಿಗಿಯಾಗಿ ಒಳಗಿನ ಅಂಚು ಎದ್ದು ನಿಲ್ಲತೊಡಗಿತು. ಗಾಜಿನ ಮೇಲೆ ಹಚ್ಚಿ, ಹೊಸ ಬ್ಲೇಡಿನಲ್ಲಿ 1 ಮಿ.ಮೀ.ಗಿಂತ ಸಣ್ಣಗೆ ಸೀಳಿ ನೋಡಿದೆ, ಸೀಳು ಎಳೆ ತನ್ನಷ್ಟಕ್ಕೆ ಹಿಗ್ಗಿ ಸೊಟ್ಟಗಾಯಿತು. ಮೂರನೇ ಸಲಕ್ಕೆ ತುದಿಯ ಕೊನೆಯ ಸುತ್ತನ್ನು ಲಿಕ್ವಿಡ್ ಮಾಸ್ಕ್‌ನಲ್ಲಿ (ಬಳಿದು ಒಣಗಿದ ಮೇಲೆ ಕಿತ್ತುಹಾಕಬಹುದಾದ ದ್ರವ) ಕುಂಚದಿಂದ ಬರೆದು ಮುಗಿಸಿದೆ. ಸಣ್ಣ ವೃತ್ತಗಳಿಗೂ ಇದು ಬೇಡ, ಸರ್ಕಲ್ ಕಟರ್ ಹಿಡಿಯಿರಿ.

ಸುರುಳಿಯನ್ನು ಜಿಪ್ ಚೀಲದಲ್ಲಿಡಿ. ಪಕ್ಕದ ಅಂಚಿಗೆ ಮೆತ್ತಿದ ಧೂಳು, ಬೆಕ್ಕಿನ ಕೂದಲು ನೇರವಾಗಿ ಬಣ್ಣದ ಗೆರೆಯಲ್ಲಿ ಅಚ್ಚಾಗುತ್ತದೆ. ನಮ್ಮ ಬೆಕ್ಕಿನ ಒಂದು ಕೂದಲು ಆ ಮಸ್ಟಾಂಗ್ ಬಲಗಡೆ ಈಗಲೂ ಇದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದೇ ಅಗಲ ಕೊಳ್ಳುವುದಾದರೆ 2 ಮಿ.ಮೀ. ಇರಲಿ. 5 ಮಿ.ಮೀ. ಸುರುಳಿ ತಂದು ಎರಡು ವರ್ಷ ಆಯಿತು, ಡಬ್ಬ ಮುಚ್ಚಲು ಬಳಸುತ್ತಿದ್ದೇನೆ.